ರಾಯಪ್ಪ ಪಳಗಿಸಿದ ಚೀನಾ ಕಾವಲಿ

ರಾಯಪ್ಪನಿಗೆ ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಅವನ ಹೆಂಡತಿ ಪಾರವ್ವ ಹಿಂದೆಮುಂದೆ ನೋಡದೆ ಹೇಳಿಬಿಡುತ್ತಾಳೆ, "ತನ್ನ ಬಲಗೈ ಮ್ಯಾಲ." ಇದು ತಮಾಷೆಯ ಮಾತಲ್ಲ. ಇಪ್ಪತ್ತಾರು ವರ್ಷ ಅನ್ನ ಹಾಕಿದ ಕೈಯೇ ಒಂದು ಗುರುವಾರ ಅವನ ಅನ್ನಕ್ಕೆ ಕಲ್ಲು ಹಾಕಿತು. ಅವನೊಬ್ಬನ ಅನ್ನಕ್ಕಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಶೆಡ್ಡಿನ ಇನ್ನೂ ಹದಿಮೂರು ಮಂದಿಯ ಅನ್ನ ಅದರಲ್ಲಿತ್ತು.

ಡೊಂಬಿವಲಿಯ ಎಂಐಡಿಸಿ ಕಾರ್ಖಾನೆ ಪ್ರದೇಶದಲ್ಲಿ, ಕೆಮಿಕಲ್ ವಾಸನೆ ಮೂಗಿಗೆ ಹೊಡೆಯುವ ಗಲ್ಲಿಯೊಂದರ ಕೊನೆಗೆ ಉಡುಪಿ ಕಡೆಯ ವಸಂತಕುಮಾರ ಶೆಟ್ಟರ ಶೆಡ್ಡು. ಹೋಟೆಲುಗಳಿಗೆ ದೋಸೆ ಕಾವಲಿ ಮಾಡಿಕೊಡುವುದು ಅವರ ಕಸುಬು. ನಮ್ಮ ನಿಮ್ಮ ಮನೆಯ ಪುಟ್ಟ ಕಾವಲಿಯಲ್ಲ. ಒಂದೇ ಸಲಕ್ಕೆ ಎಂಟು ಹತ್ತು ದೋಸೆ ಹೊಯ್ಯಬಹುದಾದ, ನಾಲ್ಕು ಜನ ಎತ್ತಿದರೂ ಸೊಂಟ ಹಿಡಿಯುವ ಕಬ್ಬಿಣದ ಹಲಗೆ. ಜಮಖಂಡಿ ಕಡೆಯಿಂದ ಬಂದ ರಾಯಪ್ಪ ಮೊದಲು ಈ ಹಲಗೆಗಳನ್ನು ಟೆಂಪೋದಿಂದ ಇಳಿಸುವ ಹಮಾಲನಾಗಿದ್ದ. ಆಮೇಲೆ ಉಜ್ಜುವ ಮಷೀನಿಗೆ ಬಂದ. ಕೊನೆಗೆ, ಯಾರೂ ಕೇಳದ, ಎಲ್ಲರೂ ಬೇಡವೆನ್ನುವ ಕೆಲಸವೊಂದು ಅವನ ಪಾಲಿಗೆ ಬಂತು. ಕಾವಲಿ ಪಳಗಿಸುವುದು.

ಮಷೀನಿನಿಂದ ಬಂದ ಕಬ್ಬಿಣಕ್ಕೆ ನೇರವಾಗಿ ಹಿಟ್ಟು ಹೊಯ್ದರೆ ದೋಸೆ ಅಂಟಿಕೊಂಡು ಕೂರುತ್ತದೆ. ಅದನ್ನು ಬಿಸಿ ಗಂಜಿಯಲ್ಲಿ ತಿಕ್ಕಿ ತೊಳೆಯಬೇಕು, ಕಾಯಿಸಬೇಕು, ಎಣ್ಣೆ ಬಿಟ್ಟು ಅರ್ಧ ಕೊಯ್ದ ಈರುಳ್ಳಿಯಿಂದ ಉಜ್ಜಬೇಕು, ತಣಿಯಲು ಬಿಡಬೇಕು. ಮತ್ತೆ ಕಾಯಿಸಬೇಕು. ಹೀಗೆ ಮೂರು ದಿನ. ಎಲ್ಲಿ ಬೆಂಕಿ ಇಳಿಸಬೇಕು, ಎಲ್ಲಿ ಇನ್ನೊಂದು ಸುತ್ತು ಎಣ್ಣೆ ಬೇಕು ಎಂದು ರಾಯಪ್ಪ ಬೆರಳಿನಿಂದ ಮುಟ್ಟಿಯೇ ತಿಳಿಯುತ್ತಿದ್ದ. ಮುಟ್ಟಿ ಮುಟ್ಟಿ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಮಷೀನು ಅವನ ಹೆಬ್ಬೆಟ್ಟನ್ನು ಗುರುತಿಸದೆ ಪ್ರತಿ ತಿಂಗಳೂ ಅವನನ್ನು ಬೇರೆ ಯಾರೋ ಎಂದು ವಾಪಸ್ ಕಳಿಸುತ್ತಿತ್ತು.

ಶೆಟ್ಟರದ್ದೊಂದು ಪದ್ಧತಿ. ಕಾವಲಿ ಒಯ್ಯುವ ದಿನ ಆ ಹೋಟೆಲಿನ ಅಡಿಗೆಯವನೇ ಡಬ್ಬಿಯಲ್ಲಿ ತನ್ನ ಹಿಟ್ಟು ಹಿಡಿದುಕೊಂಡು ಶೆಡ್ಡಿಗೆ ಬರಬೇಕು. ಮೊದಲ ದೋಸೆ ತಾನಾಗಿ ಎದ್ದರೆ ಮಾಲು ಟೆಂಪೋ ಹತ್ತುತ್ತದೆ, ಇಲ್ಲದಿದ್ದರೆ ಮತ್ತೆ ರಾಯಪ್ಪನ ಒಲೆಗೆ. ಇಪ್ಪತ್ತಾರು ವರ್ಷದಲ್ಲಿ ಹಾಗೆ ತಿರುಗಿ ಬಂದದ್ದು ಎರಡೇ ಕಾವಲಿ. ಆ ಎರಡರ ಸುದ್ದಿ ತೆಗೆದರೆ ಅವನು ಇಂದಿಗೂ ಮುಖ ತಿರುಗಿಸುತ್ತಾನೆ.

ಇಂಥಲ್ಲಿ ಶೆಟ್ಟರ ಮಗ ರಿತೇಶ್ ಎಂಬಿಎ ಮುಗಿಸಿ ಬಂದ. ಐರೋಲಿಯಲ್ಲಿ ಗಾಜಿನ ಬಾಗಿಲಿನ ಆಫೀಸು ಹಾಕಿದ. ಕಾವಲಿಯನ್ನು ಚೀನಾದಲ್ಲೇ ಮಾಡಿಸೋಣ, ಇಲ್ಲಿ ನಮ್ಮ ಹೆಸರಿನ ಪಟ್ಟಿ ಹೊಡೆದು ಭಿವಂಡಿಯ ಗೋದಾಮಿನಿಂದ ಮಾರೋಣ, ಈ ಶೆಡ್ಡು ಯಾಕೆ, ಈ ಹೊಗೆ ಯಾಕೆ ಎಂದು ತಂದೆಯ ತಲೆ ತಿನ್ನತೊಡಗಿದ. ಶೆಟ್ಟರಿಗೆ ಹೌದೆನ್ನಲೂ ಧೈರ್ಯವಿಲ್ಲ, ಬೇಡವೆನ್ನಲೂ ಧೈರ್ಯವಿಲ್ಲ. ಆರು ತಿಂಗಳು ಎಳೆದರು. ಕೊನೆಗೆ ಒಂದು ದಿನ ರಾಯಪ್ಪನ ಒಲೆಯ ಹತ್ತಿರ ಬಂದು ಕುರ್ಚಿ ಎಳೆದು ಕೂತರು.

"ನೋಡು ಮಾರಾಯ, ಅವ ಒಂದು ಹೇಳ್ತಾನೆ, ನನ್ನ ಮನಸ್ಸು ಒಂದು ಹೇಳ್ತದೆ. ನಮ್ಮ ಪದ್ಧತಿ ಉಂಟಲ್ಲ, ಅದರಲ್ಲೇ ಆಗ್ಲಿ. ಚೀನಾದ್ದು ಒಂದು, ನಮ್ಮದು ಒಂದು. ಗುರುವಾರ ಠಾಣೆಯ ಹೋಟೆಲಿಂದ ಅಡಿಗೆ ಸುದರ್ಶನ ಭಟ್ರು ಹಿಟ್ಟು ತಕೊಂಡು ಬರ್ತಾರೆ. ಚೀನಾದ್ದಕ್ಕೆ ದೋಸೆ ಅಂಟಿದ್ರೆ ಈ ಮಾತು ಅಲ್ಲಿಗೇ ಮುಗೀತು."

"ಹಂಗೇ ಆಗಲ್ರಿ ಶೆಟ್ರ," ಅಂದ ರಾಯಪ್ಪ. ಅವನ ಎದೆ ಹಗುರಾಯಿತು. ಅಂಟೇ ಅಂಟುತ್ತದೆ, ಮತ್ತೇನು!

ಸೋಮವಾರ ಸ್ಯಾಂಪಲ್ ಬಂತು. ಎರಡು ಬಂದಿದ್ದವು, ಒಂದನ್ನು ರಿತೇಶ್ ಐರೋಲಿಯ ಆಫೀಸಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡ, ಇನ್ನೊಂದನ್ನು ಶೆಡ್ಡಿಗೆ ಕಳಿಸಿದ. "ಅಂಕಲ್, ಇದನ್ನ ರೆಡಿ ಇಡಿ," ಎಂದು ಫೋನಿನಲ್ಲಿ ಹೇಳಿದ. ಅಷ್ಟೇ ಹೇಳಿದ್ದು. ರಾಯಪ್ಪ ಹೊದಿಕೆ ಬಿಚ್ಚಿ ನೋಡಿದ. ಒಳ್ಳೆಯ ಕಬ್ಬಿಣ, ಚಂದದ ಮೈ, ಆದರೆ ಪೂರಾ ಕಚ್ಚಾ. ತುಕ್ಕು ಹಿಡಿಯದಿರಲು ಹಚ್ಚಿದ ಎಣ್ಣೆ ಮೇಣದ ಹಾಗೆ ಮೆತ್ತಿಕೊಂಡಿತ್ತು. ಅವನು ಗಂಜಿ ಕಾಯಿಸಿದ.

ಇಲ್ಲಿ ನನಗೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಪುಣ್ಯಾತ್ಮ, ಅದು ನಿನ್ನ ಹೊಟ್ಟೆಯ ಮೇಲೆ ಹೊಡೆಯಲು ಬಂದ ಕಬ್ಬಿಣ. ಅದನ್ನು ಹಾಗೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ರಾಯಪ್ಪನಿಗೆ ಅದು ಹೊಳೆಯಲೇ ಇಲ್ಲ. ಶೆಡ್ಡಿಗೆ ಬಂದ ಹಂಚನ್ನು, ಕಾವಲಿಗೆ ಅವನು ಹಂಚು ಎಂದೇ ಅನ್ನುವುದು, ಪಳಗಿಸದೆ ಭಟ್ಟರ ಮುಂದೆ ಇಡುವುದೆಂದರೆ ಅವನ ಲೆಕ್ಕದಲ್ಲಿ ಮಗುವಿಗೆ ಮುಖ ತೊಳೆಸದೆ ಸಾಲೆಗೆ ಕಳಿಸಿದ ಹಾಗೆ. ಒಂದು ಒಲೆಯ ಮೇಲೆ ನಮ್ಮದು, ಪಕ್ಕದ ಒಲೆಯ ಮೇಲೆ ಅವರದು. ಮೂರು ದಿನ ಎರಡಕ್ಕೂ ಒಂದೇ ಎಣ್ಣೆ, ಒಂದೇ ಈರುಳ್ಳಿ, ಒಂದೇ ಕೈ.

ಗುರುವಾರ ಠಾಣೆಯಿಂದ ಸುದರ್ಶನ ಭಟ್ಟರು ಬಂದರು. ನಮ್ಮ ಕಾವಲಿಯ ದೋಸೆ ಎದ್ದಿತು. ಚೀನಾದ ಕಾವಲಿಯ ದೋಸೆ ಅಂಚು ಬಿಟ್ಟುಕೊಂಡು, ಸಟ್ಟುಗ ತಾಗುವ ಮೊದಲೇ ಎದ್ದಿತು. ಭಟ್ಟರು ಎರಡನ್ನೂ ಮುರಿದು ಬಾಯಿಗೆ ಹಾಕಿಕೊಂಡು, "ವ್ಯತ್ಯಾಸ ಇಲ್ಲ ಶೆಟ್ರೇ," ಅಂದರು. ರಿತೇಶ್ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ. ಹದಿಮೂರು ಮಂದಿ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಆಗ, ಆಗ ಹೊಳೆಯಿತು ರಾಯಪ್ಪನಿಗೆ.

"ಶೆಟ್ರ, ಅದನ್ನ ನಾ ಪಳಗಿಸೇನ್ರಿ! ಅದು ಕಚ್ಚಾ ಬಂದಿತ್ತು. ಎದ್ದಿದ್ದು ಹಂಚಿಂದಲ್ಲ, ನನ್ನ ಕೈಯಿಂದ!"

"ಮತ್ತೆ ನಿನಗೆ ಪಳಗಿಸ್ಲಿಕ್ಕೆ ಹೇಳಿದ್ದು ಯಾರು ಮಾರಾಯ?" ಎಂದರು ಶೆಟ್ಟರು.

ರಿತೇಶ್ ನಕ್ಕ. "ತೋ ಕ್ಯಾ ಹುವಾ ಅಂಕಲ್, ಆದ್ರೇನು? ಅದು ಯಾರ್ ಬೇಕಾದ್ರೂ ಮಾಡ್ಬಹುದು. ಯೂಟ್ಯೂಬಲ್ಲಿ ಇದೆ."

ಮನೆಗೆ ಬಂದು ಹೇಳಿದರೆ ಪಾರವ್ವ ಹಣೆ ಬಡಿದುಕೊಂಡಳು. ಇಲ್ಲೇ ಹುಟ್ಟಿ ಬೆಳೆದ ಮಗ ಸ್ವಪ್ನಿಲ್ ಎಂದಿನಂತೆ ಮರಾಠಿಯಲ್ಲೇ, "ಪಪ್ಪಾ, ತುಮ್ಹೀ ಹಾತ್ ಕಶಾಲಾ ಲಾವ್ಲಾ?" ಅಂದ. ಕೈ ಯಾಕೆ ಹಚ್ಚಿದೆ ಎಂದು ಎಲ್ಲರೂ ಕೇಳುವವರೇ.

ಮರುದಿನ ರಾಯಪ್ಪ ಐರೋಲಿಗೆ ಹೊರಟ. ಅಲ್ಲಿ ಇನ್ನೊಂದು ಸ್ಯಾಂಪಲ್ ಕಚ್ಚಾ ಇದೆಯಲ್ಲ, ಅದರ ಮೇಲೆ ಒಂದೇ ಒಂದು ದೋಸೆ ಹೊಯ್ಯಿಸಿದರೆ ಸತ್ಯ ಎಲ್ಲರ ಕಣ್ಣಿಗೆ ಬೀಳುತ್ತದೆ. ಲೋಕಲ್ ರೈಲಿಗೆ ನುಗ್ಗಿ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಐರೋಲಿಗೆ. ಗೇಟಿನಲ್ಲಿ ವಾಚ್‌ಮನ್ ಹೆಸರು ಬರೆಸಿಕೊಂಡು, ಫೋಟೋ ತೆಗೆದು, ಮೇಲೆ ಫೋನು ಮಾಡಿ, ಅಲ್ಲೇ ಹೋಗಿ ಆಫೀಸಿನ ಬಾಗಿಲ ಹೊರಗೆ ಕೂತಿರಿ ಅಂದ. ಮೂರು ತಾಸು ಕೂತ. ಗಾಜಿನ ಬಾಗಿಲಿನಾಚೆ ಆ ಕಾವಲಿ ಕಾಣುತ್ತಿತ್ತು. ಅದರ ಮುಂದೆ ಯಾರೋ ಹೂವಿನ ಕುಂಡ ಇಟ್ಟಿದ್ದರು. ರಿತೇಶ್ ಹೊರಗೆ ಬಂದವನು ಲಿಫ್ಟಿನ ಬಟನ್ ಒತ್ತುತ್ತಲೇ, "ಅಂಕಲ್, ಡಿಸಿಷನ್ ಹೋ ಗಯಾ. ಡ್ಯಾಡಿ ಕೂಡ ಓಕೆ ಅಂದಿದ್ದಾರೆ," ಅಂದ.

"ಒಂದ ದ್ವಾಶಿ ಸಾಹೇಬ್ರ. ಒಂದ."

ಲಿಫ್ಟು ಮುಚ್ಚಿಕೊಂಡಿತು.

ಇಷ್ಟೊಂದು ದೊಡ್ಡ ತೀರ್ಮಾನಕ್ಕೆ ಒಂದು ದೋಸೆಯ ಹಿಟ್ಟನ್ನೂ ಖರ್ಚು ಮಾಡದ ಜನ! ಶೆಟ್ಟರ ಹತ್ತಿರ ಎರಡು ಸಲ ಹೋದ. "ಮಗನ ಕಾಲ ರಾಯಪ್ಪ, ನಾನು ಎಂತ ಮಾಡ್ಲಿ," ಎಂದು ಅವರು ಚಹಾ ತರಿಸಿದರು. ಚಹಾ ಕುಡಿದು ಬಂದ. ಎರಡು ತಿಂಗಳಲ್ಲಿ ಶೆಡ್ಡು ಖಾಲಿ. ಹದಿಮೂರು ಮಂದಿಯಲ್ಲಿ ವೆಲ್ಡರ್ ಜಯಶೀಲ ಮಾತ್ರ ಹೋಗುವಾಗ ಮಾತಾಡಿಸಿದ. ಉಳಿದವರು ರಾಯಪ್ಪನ ಒಲೆಯ ಕಡೆ ನೋಡದೆ ಹೋದರು. ಅವರ ತಪ್ಪು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಕಂಟೇನರ್ ಬಂತು. ಅರವತ್ತು ಕಾವಲಿ. ಪರೀಕ್ಷೆಯ ಪದ್ಧತಿ ಹೋಗಿತ್ತು, ನೇರ ಹೋಟೆಲಿಗೇ ಮಾಲು. ಮೊದಲ ಹತ್ತು ಹೋಟೆಲುಗಳಲ್ಲಿ ದೋಸೆ ಚಿಂದಿಯಾಗಿ ಎದ್ದಿತು, ಫೋನಿನ ಮೇಲೆ ಫೋನು. ನಾಲ್ಕನೇ ದಿನ ರಿತೇಶ್ ರಾಯಪ್ಪನಿಗೆ ಫೋನು ಮಾಡಿದ. "ಅಂಕಲ್, ಭಿವಂಡಿಗೆ ಬನ್ನಿ. ಪ್ಲೀಸ್."

ಗೋದಾಮಿನಲ್ಲಿ ಗ್ಯಾಸಿನ ಒಲೆ, ಎಣ್ಣೆಯ ಡಬ್ಬ, ಈರುಳ್ಳಿಯ ಚೀಲ ಎಲ್ಲ ಸಿದ್ಧವಾಗಿತ್ತು. ಶೆಟ್ಟರು ಕುರ್ಚಿಯಲ್ಲಿ ಕೂತಿದ್ದರು. ಸುದರ್ಶನ ಭಟ್ಟರೂ ಹಿಟ್ಟಿನ ಡಬ್ಬಿಯೊಂದಿಗೆ ಬಂದಿದ್ದರು. ರಿತೇಶ್ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದ. "ನೀವು ಸ್ಲೋ ಆಗಿ ಮಾಡಿ ತೋರಿಸಿ. ವಿಡಿಯೋ ತೆಗೆದು ಕಸ್ಟಮರಿಗೆಲ್ಲ ಕಳಿಸ್ತೀನಿ. ಅವರೇ ಮಾಡ್ಕೊಳ್ತಾರೆ, ನಿಮಗೂ ತ್ರಾಸ್ ಇಲ್ಲ."

ರಾಯಪ್ಪ ಅವನನ್ನೇ ನೋಡಿದ. "ಮೊದ್ಲ ಕಚ್ಚಾ ಹಂಚಿನ ಮ್ಯಾಲ ದ್ವಾಶಿ ಹೊಯ್ಸ್ರಿ. ಆ ವಿಡಿಯೋ ತಗೀರಿ."

ಭಟ್ಟರು ಹೊಯ್ದರು. ಎಬ್ಬಿಸಲು ಹೋದರೆ ಅರ್ಧ ಸಟ್ಟುಗಕ್ಕೆ, ಅರ್ಧ ಕಬ್ಬಿಣಕ್ಕೆ. ಕರಕಲು ವಾಸನೆ ಗೋದಾಮೆಲ್ಲ ತುಂಬಿತು. ಆಮೇಲೆ ಶೆಟ್ಟರು, "ಇದನ್ನು ಅವತ್ತೇ ನೋಡಿದ್ರೆ ಆಗ್ತಿತ್ತು," ಅಂದರು.

"ಅವತ್ತ ಹೇಳಿದ್ದೆ ಶೆಟ್ರ. ಉಜ್ಜೋ ಮಷೀನ್ ಐತೇನ್ರಿ ಇನ್ನ? ನಮ್ಮ ಮಂದೀನ ಕರದ್ರ ಬರ್ತಾರ."

"ಕಲ್ಯಾಣದ ಗುಜರಿಯವನು ತಕೊಂಡು ಹೋದ ಮಾರಾಯ."

ರಾಯಪ್ಪ ಅಂಟಿದ ದೋಸೆಯನ್ನು ಕೆರೆದು ತೆಗೆದ. ಒದ್ದೆ ಬಟ್ಟೆಯಿಂದ ಒರೆಸಿದ. ಬೆಂಕಿ ಇಳಿಸಿದ. ಅಷ್ಟರಲ್ಲಿ ಮೊಬೈಲಿನಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಹೊತ್ತಿದ್ದು ಕಂಡಿತು. ತನ್ನ ಬಲಗೈಯತ್ತ ನೋಡಿದರೆ ಅದು ಆಗಲೇ, ಯಾರೂ ಹೇಳದೆ, ಕೊಯ್ದಿಟ್ಟ ಈರುಳ್ಳಿಯ ಮೇಲಿತ್ತು.

ಅವನು ಈರುಳ್ಳಿಯನ್ನು ಕೆಳಗಿಟ್ಟ. ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೊರಗೆ ನಡೆದ. ಶೇರ್ ರಿಕ್ಷಾ ಕಲ್ಯಾಣ ಸ್ಟೇಷನ್ ಮುಟ್ಟುವ ತನಕ ಅದನ್ನು ಆಚೆ ತೆಗೆಯಲಿಲ್ಲ.