ವೇಳೆ ಉಳಿದರೆ ಅಂಬಪ್ಪ

ಗುರುಗುಂಟಾದ ಅಂಬಪ್ಪ ಲಿಂಗಸುಗೂರಿನ ಗಾಯನ ಶಾಲೆಯಲ್ಲಿ ಏಳು ವರ್ಷ ಕಲಿತ. ನಾನು ಅದೇ ಶಾಲೆಯಲ್ಲಿ ಎರಡು ವರ್ಷ ಇದ್ದು, ದೊಡ್ಡವರು ಬಂದಾಗ ಎದ್ದು ನಿಲ್ಲುವುದು, ಹಾರ ಹಿಡಿದು ಸಾಲಿನಲ್ಲಿ ನಡೆಯುವುದು, ಯಾರು ಏನು ಹೇಳಿದರೂ ತಲೆದೂಗುವುದು, ಇಷ್ಟನ್ನು ಚೆನ್ನಾಗಿ ರೂಢಿಸಿಕೊಂಡು ಹೊರಬಿದ್ದೆ. ಅದರ ಬಲದಿಂದಲೇ ನನಗೆ ತಹಸೀಲು ಕಚೇರಿಯಲ್ಲಿ ನೌಕರಿ ಸಿಕ್ಕಿತು. ಅಂಬಪ್ಪ ಮಾತ್ರ ಅಲ್ಲಿ ಹಾಡುವುದನ್ನು ಕಲಿತ. ಅವನ ತಾಪತ್ರಯವೆಲ್ಲ ಅಲ್ಲಿಂದಲೇ ಸುರುವಾಯಿತು.

ಅವನ ಅಪ್ಪ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವವನು. ಮನೆಯಲ್ಲಿದ್ದವಳು ತಾಯಿ ಗದ್ದೆಮ್ಮ. ಅಂದಿನ ಸರ್ಕಾರಿ ಲೆಕ್ಕದ ಫಸಲಿ ಸಾವಿರದ ಮುನ್ನೂರ ನಲವತ್ನಾಲ್ಕರಲ್ಲಿ, ಶಾಲೆ ತೆರೆದ ವರ್ಷವೇ, ಅಲ್ಲಿಯ ಗುರು ಉಸ್ತಾದ ಉಸ್ಮಾನ್‌ಸಾಬ್ ಯಾರದೋ ಮದುವೆಯಲ್ಲಿ ಹಾಡಲು ಗುರುಗುಂಟಾಕ್ಕೆ ಬಂದಿದ್ದರು. ಬೆಳಿಗ್ಗೆ ಬಾವಿಯ ಕಡೆ ಹೊರಟಾಗ ಹದಿನಾರು ವರ್ಷದ ಅಂಬಪ್ಪ ಗುಡ್ಡದ ಮೇಲಿನ ಕುರಿಗಳನ್ನು ಕೂಗಿ ಕರೆಯುವುದು ಅವರ ಕಿವಿಗೆ ಬಿತ್ತು. ಉಸ್ತಾದರು ಕೈಯಲ್ಲಿ ತಂಬಿಗೆ ಹಿಡಿದುಕೊಂಡೇ ನೆಟ್ಟಗೆ ಗದ್ದೆಮ್ಮನ ಮನೆ ಮುಂದೆ ಹೋಗಿ ನಿಂತರು.

"ಅವ್ವಾ, ನಿನ್ನ ಮಗನ್ನ ನನ್ನ ಕೂಡ ಕಳಸು. ಹಾಡೋದು ಕಲಸ್ತೀನಿ."

"ಅಲ್ಲಿ ಹಾಡಿದವರಿಗೆ ಊಟ ಹಾಕ್ತಾರೇನ್ರಿ?" ಎಂದಳು ಗದ್ದೆಮ್ಮ.

"ಹಾಕ್ತಾರವ್ವ. ಹಾಡದವರಿಗೂ ಹಾಕ್ತಾರ."

"ಹಂಗಾದ್ರ ಕರ್ಕೊಂಡು ಹೋಗ್ರಿ."

ಶಾಲೆ ಇದ್ದದ್ದು ಹಿಂದೆ ದಂಡು ಇದ್ದ ಛಾವಣಿಯ ಹಳೆಯ ಕುದುರೆ ಲಾಯದಲ್ಲಿ. ವಿದ್ಯಾರ್ಥಿಗಳು ಹನ್ನೊಂದು ಮಂದಿ, ಗುರುಗಳು ಒಬ್ಬರೇ. ದಾನಿಗಳು ಇಪ್ಪತ್ತೆರಡು. ಅವರಲ್ಲಿ ದೊಡ್ಡವರು ಇಬ್ಬರು: ಸುತ್ತಿನ ಹದಿನಾಲ್ಕು ಹಳ್ಳಿಗಳ ದೇಸಾಯರು ಮತ್ತು ಹತ್ತಿ ಗಿರಣಿಯ ಬಸ್ಸಪ್ಪ ಸಾವುಕಾರರು. ದೇಸಾಯರು ಒಂದು ತಂಬೂರಿ ಕೊಟ್ಟು ಅದರ ಮೇಲೆ ಬೆಳ್ಳಿ ಅಕ್ಷರದಲ್ಲಿ ತಮ್ಮ ಹೆಸರು ಕೂಡಿಸಿದರು. ಮರುತಿಂಗಳೇ ಸಾವುಕಾರರು ಅದಕ್ಕಿಂತ ಒಂದು ಗೇಣು ಉದ್ದದ ತಂಬೂರಿ ತರಿಸಿ, ತಮ್ಮ ಹೆಸರಿನ ಜೊತೆ ತಮ್ಮ ತಂದೆಯ ಹೆಸರನ್ನೂ ಕೂಡಿಸಿದರು. ಆಮೇಲೆ ದೇಸಾಯರಿಂದ ಐದು ಹಾರ್ಮೋನಿಯಂ ಬಂದವು, ಸಾವುಕಾರರಿಂದ ಏಳು. ಇವೆಲ್ಲ ಅಲಮಾರಿಯಲ್ಲಿ ಬೀಗದೊಳಗೆ ಇರುತ್ತಿದ್ದವು. ದಾನಿಗಳ ಹೆಸರಿಗೆ ಬೆವರು ತಾಗಬಾರದೆಂದು ಕೀಲಿಕೈ ಕಾರ್ಯದರ್ಶಿ ರಾಮಣ್ಣ ವಕೀಲರ ಜನಿವಾರದಲ್ಲಿ ತೂಗುತ್ತಿತ್ತು. ನಾವು ಹನ್ನೊಂದು ಮಂದಿ ಕಲಿತದ್ದು ಬುರುಡೆ ಬಿರಿದು ಅರಗು ತುಂಬಿದ ಉಸ್ತಾದರ ಸ್ವಂತ ತಂಬೂರಿಯ ಮೇಲೆ.

ದಾನಿಗಳ ಮನೆಯಲ್ಲಿ ತೊಟ್ಟಿಲು ಕಾರ್ಯವೋ ಮದುವೆಯೋ ನಡೆದರೆ ನಮಗೆ ರಜೆ. ರಜೆ ಎಂದರೆ ಅವರ ಮನೆಗೆ ಹೋಗಿ ಸ್ವಾಗತ ಗೀತೆ ಹಾಡುವುದು. ಸ್ವಾಗತ ಗೀತೆ ಒಂದೇ. ಹೆಸರು ಬರುವ ಜಾಗ ಮಾತ್ರ ಖಾಲಿ. ಎರಡಕ್ಷರದ ದಾನಿಯಾದರೆ ಎಳೆದು ಹಾಡಬೇಕು, ಒಂಬತ್ತಕ್ಷರದವನಾದರೆ ಓಡಿಸಬೇಕು. ಹೆಸರು ತಪ್ಪಿದರೆ ಆ ಹೊತ್ತಿನ ಊಟವೂ ತಪ್ಪುತ್ತಿತ್ತು. ನಾನು ತಾಳ ಕಲಿತದ್ದು ಹೀಗೆಯೇ.

ವರ್ಷಕ್ಕೊಮ್ಮೆ ಶಾಲೆಯ ಜಲ್ಸಾ. ಸಂಜೆ ನಾಲ್ಕಕ್ಕೆ ಸುರು. ಪ್ರಾರ್ಥನೆ, ಸ್ವಾಗತ, ಹಾರ, ಉರ್ದುವಿನಲ್ಲಿ ವರದಿ, ಅದೇ ವರದಿ ಕನ್ನಡದಲ್ಲಿ, ಆಮೇಲೆ ದಾನಿಗಳ ಎರಡು ಮಾತು. ಕೊಡುಗೆ ಕೊಟ್ಟವರಿಗೆಲ್ಲ ಎರಡು ಮಾತಿನ ಹಕ್ಕುಂಟೆಂದು ಶಾಲೆಯ ಕಾಯ್ದೆಯಲ್ಲಿ ಬರೆದಿತ್ತು. ವಿದ್ಯಾರ್ಥಿಗಳಿಗೆ ವೇಳೆ ಮುಗಿಯಿತೆಂದು ಬಾರಿಸಲು ಒಂದು ಗಂಟೆ ಇತ್ತು. ದಾನಿಗಳಿಗೆ ಗಂಟೆ ಇರಲಿಲ್ಲ. ಕಾರ್ಯಕ್ರಮ ಪತ್ರಿಕೆಯ ತಳದಲ್ಲಿ, ವಂದನಾರ್ಪಣೆಯ ಕೆಳಗೆ ಹೀಗೆ ಅಚ್ಚಾಗುತ್ತಿತ್ತು: ವೇಳೆ ಉಳಿದರೆ ವಿದ್ಯಾರ್ಥಿ ಗಾಯನ, ಅಂಬಪ್ಪ, ಗುರುಗುಂಟಾ.

ಮೊದಲ ವರ್ಷ ಉಸ್ತಾದರು ಅವನಿಗೆ ಮುಲ್ತಾನಿ ಕಲಿಸಿದ್ದರು. ಅದು ಇಳಿಹೊತ್ತಿನ ರಾಗ. ಗದ್ದೆಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು ಗುರುಗುಂಟಾದಿಂದ ನಡೆದು ಬಂದು ಹೆಂಗಸರ ಕಡೆ ಕುಳಿತಳು. ದೇಸಾಯರ ಎರಡು ಮಾತು ಒಂದೂವರೆ ತಾಸು ನಡೆದವು. ಹೊತ್ತು ಮುಳುಗಿತು, ಮುಲ್ತಾನಿಯ ವೇಳೆ ಹೋಯಿತು, ಜಲ್ಸಾ ಮುಗಿಯಿತು. ಹೊರಗೆ ಬಂದ ಗದ್ದೆಮ್ಮ ಮಗನನ್ನು ಕೇಳಿದಳು:

"ಆ ದಪ್ಪನ್ನ ಮನಷಾ ಅಷ್ಟೊತ್ತು ಹಾಡಿದ್ನಲ್ಲ, ನನಗೇನೂ ತಿಳೀಲಿಲ್ಲಪಾ. ನೀನೂ ಹಂಗ ಹಾಡಾಕ ಕಲೀಬೇಕೇನು?"

"ಅವರು ಹಾಡಲಿಲ್ಲಬೇ, ಮಾತಾಡಿದ್ರು."

"ಹೌದಾ. ಹಂಗಾದ್ರ ಹಾಡೋದು ಯಾವಾಗ?"



ಮರುವರ್ಷ ಉಸ್ತಾದರು ಜಾಣತನ ಮಾಡಿ ಹೊತ್ತು ಮುಳುಗಿದ ಮೇಲೆ ಹಾಡುವ ಯಮನ್ ಕಲಿಸಿದರು. ಆ ವರ್ಷ ಸಾವುಕಾರರು ದೇಸಾಯರಿಗಿಂತ ಅರ್ಧ ತಾಸು ಹೆಚ್ಚು ಮಾತಾಡಿದ್ದರಿಂದ ಯಮನ್ ಕೂಡ ತಪ್ಪಿತು. ಮೂರನೆಯ ವರ್ಷ ಕೇದಾರ, ನಾಲ್ಕನೆಯ ವರ್ಷ ಬಿಹಾಗ. ಐದನೆಯ ವರ್ಷ ಉಸ್ತಾದರು ಮಾಲಕಂಸ ಹಿಡಿಸಿ, "ಬೇಟಾ, ಇದಕ್ಕಿಂತ ಹೆಚ್ಚಿಗಿ ಅವರೂ ಮಾತಾಡಂಗಿಲ್ಲ. ಅವರಿಗೂ ಹಸಿವು ಅಂಬೋದು ಇರ್ತದ," ಎಂದರು. ದಾನಿಗಳು ಊಟವನ್ನು ಅಲ್ಲಿಗೇ ತರಿಸಿ ಮಾತು ಮುಂದುವರಿಸಿದರು. ಹೀಗೆ ದಾನಿಗಳ ಭಾಷಣ ಉದ್ದವಾದಂತೆ ಅಂಬಪ್ಪನ ವಿದ್ಯೆ ಬೆಳೆಯಿತು. ಹೈದರಾಬಾದಿನಲ್ಲಿ ಕಲಿತವರಿಗೂ ಅಷ್ಟು ವೇಳೆಯ ಅಷ್ಟು ರಾಗಗಳು ಬರುತ್ತಿರಲಿಲ್ಲವೇನೋ. ನಾವೆಲ್ಲ ಅವನನ್ನು ವೇಳೆ ಉಳಿದರೆ ಅಂಬಪ್ಪ ಎಂದೇ ಕರೆಯುತ್ತಿದ್ದೆವು. ಅವನು ನಗುತ್ತಿದ್ದ. ಆದರೆ ಆರನೆಯ ಜಲ್ಸಾ ಮುಗಿದ ಮೇಲೆ ಗದ್ದೆಮ್ಮ, "ನಿನಗ ಯಾಳ್ಯಾ ಕೊಟ್ಟ ದಿನ ಹೇಳಿ ಕಳಸು, ಬರ್ತೀನಿ. ಕಾಲು ನೋಯ್ತಾವ," ಎಂದು ಹೊರಟುಹೋದಾಗ ಅವನು ಲಾಯದ ಹಿಂದೆ ಹೋಗಿ ಬಹಳ ಹೊತ್ತು ಕುಳಿತಿದ್ದನ್ನು ಉಸ್ತಾದರು ನೋಡಿದ್ದರು.

ಏಳನೆಯ ವರ್ಷದ ಜಲ್ಸಾಕ್ಕೆ ತಾಲೂಕದಾರ ಸಾಹೇಬರು, ಅಂದರೆ ಜಿಲ್ಲೆಗೇ ದೊಡ್ಡ ಅಧಿಕಾರಿ, ಬರುವವರಿದ್ದರು. ಸಿಂಧನೂರಿನ ತಪಾಸಣೆ ಮುಗಿಸಿ ಬರುವಾಗ ಅವರ ಮೋಟಾರು ಮಸ್ಕಿ ಹಳ್ಳದ ಉಸುಕಿನಲ್ಲಿ ಹುಗಿದುಕೊಂಡಿತು. ಇತ್ತ ಮುನ್ನೂರು ಜನ ಕೂಡಿದ್ದರು. ಸಾಹೇಬರು ಇಲ್ಲದಿದ್ದರೆ ತಮ್ಮ ಎರಡು ಮಾತು ಯಾರಿಗೆ ಹೇಳುವುದೆಂದು ದಾನಿಗಳು ಬಾಯಿ ಬಿಡಲಿಲ್ಲ. ಜನ ಒಬ್ಬೊಬ್ಬರಾಗಿ ಏಳತೊಡಗಿದರು. ಖಾಲಿ ಪೆಂಡಾಲನ್ನು ಸಾಹೇಬರಿಗೆ ಹೇಗೆ ತೋರಿಸುವುದೆಂದು ರಾಮಣ್ಣ ವಕೀಲರು ಬೆವತರು.

"ಅಂಬಪ್ಪನ್ನ ಕೂಡಸ್ತೀನ್ರಿ," ಎಂದರು ಉಸ್ಮಾನ್‌ಸಾಬ್.

"ಕೂಡಸ್ರಿ, ಕೂಡಸ್ರಿ. ಮೋಟಾರಿನ ಸಪ್ಪಳ ಬಂದ ಕೂಡ್ಲೆ ಎಬ್ಬಸ್ರಿ."

ಸಾಹೇಬರು ಬರುವ ಮೊದಲು ಅಲಮಾರಿ ತೆಗೆಯುವಂತಿರಲಿಲ್ಲ. ಉಸ್ತಾದರು ತಮ್ಮ ಬಿರಿದ ತಂಬೂರಿ ಹಿಡಿದು ಹಿಂದೆ ಕುಳಿತರು. ಸಂಜೆ ಐದರ ಹೊತ್ತು. ಅಂಬಪ್ಪ ಆರು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮುಲ್ತಾನಿಯನ್ನು ತೆಗೆದ. ಎದ್ದವರು ನಿಂತರು, ನಿಂತವರು ಕುಳಿತರು. ಹತ್ತಿ ಗಾಡಿಯವರು ರಸ್ತೆಯಲ್ಲೇ ಎತ್ತಿನ ಕೊಳ್ಳು ಬಿಚ್ಚಿ ಬಂದು ಬಾಗಿಲಲ್ಲಿ ಜಮಾಯಿಸಿದರು. ದೇಸಾಯರು ಬಾಯಿಗೆ ಹಾಕಿಕೊಂಡ ಎಲೆಯನ್ನು ಅಗಿಯುವುದು ಮರೆತರು. ವಕೀಲರೂ ತಲೆದೂಗಿದರು. ಒಂದೂಕಾಲು ತಾಸು ಹಾಡು ನಡೆಯಿತು.

ಮೋಟಾರಿನ ಹಾರ್ನು ಕೇಳಿದ್ದೇ ಮುನ್ನೂರೂ ಮಂದಿ ಎದ್ದು ಬಾಗಿಲ ಕಡೆ ತಿರುಗಿದರು. ಅಂಬಪ್ಪನ ಸ್ವರ ಆಗ ಮೇಲಿನ ಷಡ್ಜದಲ್ಲಿತ್ತು. ಮುಂದೆ ಕಂಡದ್ದು ಬೆನ್ನುಗಳು ಮಾತ್ರ. ಉಸ್ತಾದರು ತಂಬೂರಿ ನಿಲ್ಲಿಸಲಿಲ್ಲ. ಅವನು ಅವಸರ ಮಾಡದೆ ಒಂದೊಂದೇ ಸ್ವರ ಇಳಿದು ಬಂದು, ಮುಗಿಸಬೇಕಾದಲ್ಲಿ ಮುಗಿಸಿ, ಬೆನ್ನುಗಳಿಗೆ ನಮಸ್ಕಾರ ಮಾಡಿ ಎದ್ದ. ಅತ್ತ ವಕೀಲರು ಸಾಹೇಬರಿಗೆ, "ಇನ್ನೂ ಏನೂ ಸುರು ಮಾಡಿಲ್ಲ ಹುಜೂರ್, ನಿಮ್ಮ ಹಾದಿನ ಕಾಯಾಕತ್ತಿದ್ವಿ," ಎನ್ನುತ್ತಿದ್ದರು.

ಒಂದು ವಾರದ ಮೇಲೆ ಅಂಬಪ್ಪ ಸನದು, ಅಂದರೆ ಕಲಿತು ಮುಗಿಸಿದ ಪತ್ರ, ಕೇಳಲು ವಕೀಲರ ಮನೆಗೆ ಹೋದ. ಸನದು ಸಿಗಬೇಕಾದರೆ ಒಂದು ಜಲ್ಸಾದಲ್ಲಾದರೂ ಹಾಡಿರಬೇಕೆಂದು ಕಾಯ್ದೆ.

"ಅಂಬಪ್ಪ, ನೀ ಹಾಡಿಲ್ಲಪಾ," ಎಂದರು ವಕೀಲರು.

"ಹಾಡೀನ್ರಿ. ನೀವ ಮುಂದಿನ ಸಾಲಿನ್ಯಾಗ ಕುಂತು ತಲಿ ಹಾಕಾಕತ್ತಿದ್ರಿ."

"ಹಾಕಿರಬೇಕು, ಇಲ್ಲ ಅನ್ನಂಗಿಲ್ಲ. ಆದ್ರ ಜಲ್ಸಾ ಸುರು ಆಗಿದ್ದು ಸಾಹೇಬ್ರು ಬಂದ ಮ್ಯಾಲೆ. ಸುರು ಆಗದ ಜಲ್ಸಾದಾಗ ಹಾಡಿದ್ದನ್ನ ದಫ್ತರದಾಗ ಹ್ಯಾಂಗ ಬರೀಲಿ?"

"ಹಂಗಾದ್ರ ನಾ ಮಾಡಿದ್ದು ಏನ್ರಿ ಅದು?"

ವಕೀಲರು ಕಾಯ್ದೆಯ ಮನುಷ್ಯರು. ಚೆನ್ನಾಗಿ ಯೋಚಿಸಿಯೇ ಹೇಳಿದರು: "ನೀ ಸುಮ್ನ ಕುಂತಾಗ ಬಾಯಿಂದ ಬಂದದ್ದು."

ಅಂಬಪ್ಪ ಅಂದೇ ಹಾಸಿಗೆ ಸುತ್ತಿದ. ಊರಿಗೆ ಹೋದರೆ ತಾಯಿಗೆ ಏನು ಹೇಳುವುದೆಂದು ತಿಳಿಯದೆ ಸಿಂಧನೂರಿನ ಹಾದಿ ಹಿಡಿದ. ಅಲ್ಲಿಯ ಹತ್ತಿ ಬಜಾರಿನಲ್ಲಿ ನನ್ನೇಸಾಬ ಎಂಬ ದಲಾಲರು ಲಿಲಾವು, ಅಂದರೆ ಹರಾಜು, ಕೂಗಲು ಒಬ್ಬ ಗಟ್ಟಿ ದನಿಯವನನ್ನು ಹುಡುಕುತ್ತಿದ್ದರು. ಅಂಬಪ್ಪ ಒಂದು ಸಲ ಕೂಗಿ ತೋರಿಸಿದ. ಸನದು ಯಾರೂ ಕೇಳಲಿಲ್ಲ. ಅವನು ಮೊದಲನೆಯ ಸವಾಲನ್ನು ಕೆಳಗಿನ ಸ್ವರದಲ್ಲಿ, ಎರಡನೆಯದನ್ನು ನಡುವೆ, ಮೂರನೆಯದನ್ನು ಮೇಲೆ ಕೂಗಿದರೆ ಕೊಳ್ಳುವವರ ಕೈ ತಾನಾಗಿಯೇ ಏಳುತ್ತಿತ್ತು. ಅವನ ಕೂಗಿಗೆ ಹತ್ತಿಯ ದರ ಏರುತ್ತದೆಂದು ರೈತರು ಹತ್ತಿರದ ಬಜಾರು ಬಿಟ್ಟು ಇಲ್ಲಿಗೆ ಗಾಡಿ ಹೊಡೆದರು. ನಾಲ್ಕು ವರ್ಷದಲ್ಲಿ ನನ್ನೇಸಾಬರು ಅವನನ್ನು ಅಂಗಡಿಯಲ್ಲಿ ಪಾಲುದಾರನನ್ನಾಗಿ ಮಾಡಿಕೊಂಡರು. ಜನ ಸಾವುಕಾರ ಎನ್ನತೊಡಗಿದರು.

ಆ ವರ್ಷ ಅವನು ಗಾಯನ ಶಾಲೆಗೆ ಪೆಂಡಾಲಿನ ತುಂಬ ಹಾಸುವ ದೊಡ್ಡದೊಂದು ಜಮಖಾನೆ ಕಳಿಸಿದ. ಸಿಂಧನೂರಿನ ಅಂಬಪ್ಪ ಸಾವುಕಾರರೆಂಬ ಈ ಹೊಸ ದಾನಿ ಯಾರೆಂದು ವಕೀಲರಿಗೆ ಹೊಳೆಯಲಿಲ್ಲ. ಎರಡು ಮಾತಿಗೆ ದಯಮಾಡಿಸಬೇಕೆಂದು ಪತ್ರ ಬರೆದರು. ಜಲ್ಸಾದ ದಿನ ಟಾಂಗಾದಿಂದ ಇಳಿದವನನ್ನು ನೋಡಿ ಒಂದು ಗಳಿಗೆ ಪೆಚ್ಚಾದರೂ ಬೇಗ ಸುಧಾರಿಸಿಕೊಂಡು, "ನಮ್ಮ ಶಾಲಿಯೊಳಗ ತಯಾರಾದ ರತ್ನ," ಎಂದು ಎಲ್ಲರಿಗೂ ಪರಿಚಯಿಸಿದರು. ಟಾಂಗಾದಿಂದ ಹಿಂದೆಯೇ ಗದ್ದೆಮ್ಮ ಇಳಿದಳು.

ದೇಸಾಯರ ಮಾತು ಮುಗಿದಾಗ ಹೊತ್ತು ಮುಳುಗುತ್ತಿತ್ತು. ಅಂಬಪ್ಪ ಎದ್ದು ನಿಂತ. ಕೊರಳಲ್ಲಿ ಹಾರ. ಹಾಡುವಾಗ ಎಂದೂ ಆಗದ ಹೆದರಿಕೆ ಆ ಹಾರ ಬಿದ್ದಾಗ ಆಯಿತೆಂದು ಆಮೇಲೆ ನನ್ನ ಮುಂದೆ ಹೇಳಿದ.

"ಕುಂತ ಹಿರ್ಯಾರಿಗೆಲ್ಲ ಶರಣ್ರಿ. ನನಗ ಮಾತಾಡಾಕ ಬರಂಗಿಲ್ಲ. ದಾನಿಗೆ ಎರಡು ಮಾತಿನ ಹಕ್ಕು ಐತಿ, ಅದಕ್ಕ ಯಾಳ್ಯಾದ ಕಟ್ಟು ಇಲ್ಲ ಅಂತ ಕಾಯ್ದಾ ಐತಿ. ನನ್ನ ಎರಡು ಮಾತು ಕೇಳ್ರಿ."

ಹಾರ ತೆಗೆದಿಟ್ಟು ಜಮಖಾನೆಯ ಮೇಲೆ ಕುಳಿತು ದೇಸಾಯರ ತಂಬೂರಿ ಕೇಳಿದ. ದೇಸಾಯರಿಗೆ ಇಲ್ಲ ಎನ್ನಲಾಗಲಿಲ್ಲ. ಅದು ಹೊರಗೆ ಬಂದದ್ದು ನೋಡಿ ಬಸ್ಸಪ್ಪ ಸಾವುಕಾರರು ತಮ್ಮದನ್ನೂ ತೆಗೆಯಲು ಕೂಗಿ ಹೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಎರಡು ತಂಬೂರಿಗಳಿಗೆ ಶ್ರುತಿ ಸೇರಿತು. ಅಂಬಪ್ಪ ಹೊತ್ತು ಮುಳುಗುವಾಗ ಪೂರಿಯಾ ಹಾಡಿದ, ಕತ್ತಲಾದ ಮೇಲೆ ಯಮನ್, ಅದರ ಹಿಂದೆ ಕೇದಾರ. ವಕೀಲರ ಕೈ ಎರಡು ಸಲ ಗಂಟೆಯವರೆಗೆ ಹೋಗಿ, ಕಾಯ್ದೆ ನೆನಪಾಗಿ ಹಿಂದೆ ಬಂತು. ಬಸ್ಸಪ್ಪ ಸಾವುಕಾರರು ಬರೆದು ತಂದಿದ್ದ ಹದಿನೆಂಟು ಹಾಳೆಗೆ ಆ ಸಂಜೆ ವೇಳೆ ಉಳಿಯಲಿಲ್ಲ. ಗದ್ದೆಮ್ಮ ಸೆರಗು ಬಾಯಿಗೆ ಹಿಡಿದು ಕೊನೆಯವರೆಗೂ ಮಗನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ನಾನು ಹತ್ತಿರ ಹೋಗಿ ಹೇಗಿತ್ತೆಂದು ಕೇಳಿದೆ.

"ಅವರಪ್ಪ ಕುರಿ ಯಾರಿಗಾರ ಒಪ್ಪಿಸಿ ಬರಬೇಕಿತ್ತು," ಎಂದಳು.

ಜಲ್ಸಾದ ವರದಿ ತಹಸೀಲು ಕಚೇರಿಗೆ ಬಂದಾಗ ಅದನ್ನು ನಕಲು ಮಾಡಿದವನು ನಾನೇ. ಅದರಲ್ಲಿ, ದಾನಿ ಅಂಬಪ್ಪ ಸಾವುಕಾರರು ಸಂಗೀತದ ವಿಷಯವಾಗಿ ಎರಡು ತಾಸು ಮನಮುಟ್ಟುವಂತೆ ಮಾತನಾಡಿದರು ಎಂದಿತ್ತು. ಹೀಗಾಗಿ ಸನದು ಆಗಲೂ ಸಿಗಲಿಲ್ಲ. ಮುಂದಿನ ತಿಂಗಳು ಕಾಯ್ದೆಗೆ ಒಂದು ಸಾಲು ಸೇರಿತು: ಹಾಡಬಲ್ಲವರಿಂದ ದಾನ ಸ್ವೀಕರಿಸತಕ್ಕದ್ದಲ್ಲ.

ಅದನ್ನು ಓದಿದ ಉಸ್ಮಾನ್‌ಸಾಬ್ ತಮ್ಮ ಬಿರಿದ ತಂಬೂರಿ ಹೆಗಲಿಗೆ ಹಾಕಿಕೊಂಡು ಶಾಲೆ ಬಿಟ್ಟರು. ಅಂಬಪ್ಪ ಅವರಿಗೆ ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಎರಡು ಅಂಕಣದ ಮನೆ ಮಾಡಿಕೊಟ್ಟ. ಒಬ್ಬ ದರ್ಜಿ, ಒಬ್ಬ ಬಳೆಗಾರ, ಬೀಡಿ ಕಟ್ಟುವ ಹುಸೇನಮ್ಮ, ಹೀಗೆ ಐದಾರು ಮಂದಿ ಅಲ್ಲಿ ಕಲಿಯಲು ಬರುತ್ತಿದ್ದರು. ಬಜಾರು ಇಲ್ಲದ ದಿನ ಅಂಬಪ್ಪನೂ ಸಿಂಧನೂರಿನಿಂದ ಬಂದು ಕೂಡುತ್ತಿದ್ದ. ಒಮ್ಮೆ ಕಚೇರಿಯ ಕೆಲಸಕ್ಕೆ ಹೋದವನು ಒಳಗೆ ಇಣುಕಿದೆ. ಉಸ್ತಾದರು ಎಲ್ಲರೆದುರಿಗೇ ಅವನನ್ನು ಬೈಯುತ್ತಿದ್ದರು.

"ಹತ್ತಿ ಲಿಲಾವು ಕೂಗಿ ಕೂಗಿ ನಿನ್ನ ನಿಷಾದ ಒರಟ ಆಗೈತಿ. ಮತ್ತ ಹಾಡು."

ಅಂಬಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ಹಾಡಿದ.