ಬಕೆಟ್ಟಿಗೆ ಬಂದ ಈಜುಕೊಳ

ಆ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೆ ಒಂದು ಉಬ್ಬುತ್ತಿತ್ತು, ಇನ್ನೊಂದು ಕೈಕೆಳಗೆ ತಿರುಗುತ್ತಿತ್ತು. ಅತ್ತೆ ಫೋನು ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

“ಬೆಳವಣಕಿಯವ್ರು ನಾಡಿದ್ದ ಬರ್ತಾರಂತ. ಉಡಿ ತುಂಬಿ ಹೂ ಮುಡಿಸಿ ಹೋಗ್ತಾರಂತ,” ಅಂದರು.

ಹೂ ಮುಡಿಸುವುದು ನನ್ನ ನಾದಿನಿಗೆ, ಅಂದರೆ ನನ್ನ ಗಂಡನ ತಂಗಿಗೆ. ಇದಕ್ಕೆ ಮೊದಲು ಬಂದ ಸಂಬಂಧಗಳೆಲ್ಲ ಏನೇನೋ ನೆಪಕ್ಕೆ ಮುರಿದಿದ್ದವು. ಬೆಳವಣಕಿ ಊರಿನ ಈ ಗಂಡಿನದೊಂದು ಕೂಡಿಬಂದಿತ್ತು. ನಾನು ಖುಷಿಪಡಬೇಕಿತ್ತು. ಆದರೆ ಅಂಗಳದಲ್ಲಿ ಕಸ ಹೊಡೆಯುತ್ತಿದ್ದ ಅವಳು ಕಸಬರಿಗೆ ನಿಲ್ಲಿಸಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಅವಳ ತಲೆಯಲ್ಲಿ ಹೇನಿದ್ದವು. ಅವು ನನ್ನ ಮಗಳ ತಲೆಯಿಂದ ಹೋದವು. ಮಗಳು ಸಾಲೆಯಿಂದ ತಂದಳು, ಈ ಸೋದರತ್ತೆಯ ಮಗ್ಗುಲಲ್ಲೇ ಮಲಗುತ್ತಾಳೆ, ಅವಳಿಗೂ ಕೊಟ್ಟಳು. ಮಗಳ ತಲೆಯನ್ನು ನಾನು ಎಣ್ಣೆ ಹಚ್ಚಿ, ಒತ್ತೊತ್ತು ಹಲ್ಲಿನ ಸೀರಣಿಗೆಯಿಂದ ಬಾಚಿ ಹಸನು ಮಾಡಿದ್ದೆ. ಮದುವೆಗೆ ನಿಂತ ಹುಡುಗಿ ಮಾತ್ರ ನಾಚಿಕೊಂಡು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಹಿಂದಿನ ವಾರವಷ್ಟೇ ನನಗೊಬ್ಬಳಿಗೆ ತೋರಿಸಿದ್ದಳು. ಕುತ್ತಿಗೆಯ ಮೇಲೆ, ಕಿವಿಯ ಹಿಂದೆ, ಕೂದಲ ಬುಡಕ್ಕೆ ಸೀರು ಬೆಳ್ಳಗೆ ಕಚ್ಚಿಕೊಂಡಿದ್ದವು.

ನಮ್ಮಲ್ಲಿ ಹೂ ಮುಡಿಸುವುದೆಂದರೆ ತುರುಬಿಗೆ ಸಿಕ್ಕಿಸಿ ಮುಗಿಸುವುದಲ್ಲ. ಗಂಡಿನ ತಾಯಿ ಹುಡುಗಿಯ ಜಡೆ ಬಿಚ್ಚಿ, ತಾನೇ ಬಾಚಿ, ಹೊಸದಾಗಿ ಹೆಣೆದು ಹೂ ಇಡುತ್ತಾಳೆ. ಅದು ಶಾಸ್ತ್ರ ಅನ್ನುತ್ತಾರೆ. ಕೂದಲು ಖರೇನೋ ಚೌರಿಯೋ ನೋಡುವ ಉಪಾಯವೂ ಹೌದು. ಸುತ್ತಲೂ ಹೆಂಗಸರು ಕೂತಿರುತ್ತಾರೆ.

ಔಷಧಿ ತರಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ನಮ್ಮ ಓಣಿಯ ಮೆಡಿಕಲ್ ಅಂಗಡಿಯವನು ಬೆಳವಣಕಿಯವರಿಗೆ ಹತ್ತಿರದ ಸಂಬಂಧಿ. ಹೇನಿನ ಔಷಧಿ ಕೊಡಿ ಎಂದು ಅವನ ಮುಂದೆ ನಿಲ್ಲಲು ನನ್ನ ಕಾಲು ಏಳಲಿಲ್ಲ. ಗಜೇಂದ್ರಗಡದಲ್ಲಿ ಅದೊಂದೇ ಅಂಗಡಿಯೇ? ಅಲ್ಲ. ಬಸ್‌ಸ್ಟ್ಯಾಂಡಿನ ತನಕ ನಡೆದಿದ್ದರೆ ಬೇಕಾದಷ್ಟಿದ್ದವು. ಅಲ್ಲಿಯೂ ಯಾರಾದರೂ ನೋಡುತ್ತಾರೆ ಅನ್ನಿಸಿತು.

ಮಧ್ಯಾಹ್ನ ಪಕ್ಕದ ಮನೆಯ ಭಾಬಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಕಟ್ಟೆಯ ಮೇಲೆ ಕೂತು, ಯಾರದೋ ಮಾತು ಎಂಬಂತೆ ನಾನೇ ಹೇನಿನ ಸುದ್ದಿ ತೆಗೆದೆ.

“ನಮ್ಮ ಹುಡುಗ್ರ ತಲಿಯಾಗ ಒಂದೂ ಇಲ್ಲ ನೋಡ್ರಿ,” ಅಂದರು ಭಾಬಿ. “ಊರ ಹೊರಗ ಆ ಈಜೋ ಕೊಳ ಆಗೇತಲ್ಲ, ದಿನಾ ಅದರಾಗ ಬಿದ್ದಿರ್ತಾವು. ನೀರಿಗೆ ಎಂಥದೋ ಕಡಕ್ ಪೌಡರ್ ಹಾಕ್ತಾರ. ಕಣ್ಣು ಕೆಂಪಗಾಗ್ತಾವು. ಹೇನ ಎಲ್ಲಿ ಉಳೀತಾವ?”

ಅವರ ಹುಡುಗರು ಬೇಸಿಗೆಗೆಂದು ತಲೆ ನುಣ್ಣಗೆ ಬೋಳಿಸಿಕೊಂಡಿದ್ದರು. ಅದು ನನಗೆ ಆಗ ಹೊಳೆಯಲಿಲ್ಲ.

ಆ ಕೊಳಕ್ಕೆ ಹೋಗುವವರು ಗಂಡಸರು, ಮಕ್ಕಳು. ಹೂ ಮುಡಿಯುವ ಹುಡುಗಿಯನ್ನು ಅಲ್ಲಿಗೆ ಹೇಗೆ ಕಳಿಸುವುದು? ಆದರೆ ಪೌಡರಿನ ವಾಸನೆ ನನಗೆ ಗೊತ್ತಿತ್ತು. ಮಗಳು ಒಮ್ಮೆ ಹೋಗಿಬಂದಾಗ ಅವಳ ಟವೆಲ್ಲು ನಮ್ಮ ನೀರಿನ ಟಾಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ಹಾಗೇ ನಾರಿತ್ತು. ಅದರ ಪೊಟ್ಟಣ ಬಚ್ಚಲ ಮೂಲೆಯಲ್ಲೇ ಇತ್ತು. ದೇವರೇ ದಾರಿ ತೋರಿಸಿದ ಅಂದುಕೊಂಡೆ. ಆ ಮಾತಿಗೆ ಈಗಲೂ ದೇವರ ಜಗಲಿಯ ಮುಂದೆ ಕೂತಾಗ ತಲೆ ತಗ್ಗುತ್ತದೆ. ಶಿವ ಅಂಥ ದಾರಿ ತೋರಿಸುವವನಲ್ಲ.

ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ ಬಕೆಟ್ಟಿನ ನೀರಿಗೆ ಪುಡಿ ಕಲಸಿದೆ. ಕೊಳ ದೊಡ್ಡದು, ಬಕೆಟ್ಟು ಸಣ್ಣದು ಎಂಬ ಲೆಕ್ಕವೂ ತಲೆಗೆ ಬರಲಿಲ್ಲ. ನಾದಿನಿಯನ್ನು ಬಚ್ಚಲಲ್ಲಿ ಬಗ್ಗಿಸಿ ಕೂರಿಸಿ, ಕಣ್ಣಿಗೆ ಬಟ್ಟೆ ಬಿಗಿದು, ಕೂದಲ ಬುಡಬುಡಕ್ಕೆ ಕೈಯಿಂದಲೇ ತಿಕ್ಕಿದೆ.

“ವೈನಿ, ಉರ್ಯಾಕತ್ತೈತಿ.”

“ತಡಕೋ ತಂಗಿ. ಉರಿದ್ರನ ಅವು ಸಾಯ್ತಾವು.”

“ಹೇನ ಸಾಯ್ತಾವೋ ನಾ ಸಾಯ್ತೀನೋ ನೋಡ್ರಿ,” ಎಂದು ನಕ್ಕಳು. ಆಮೇಲೆ ನಗಲಿಲ್ಲ. ಅಳು ಬಂದರೂ ಸದ್ದು ಮಾಡದೆ ಕೂತಿದ್ದಳು. ನಾನು ಹೇಳಿದ್ದೇನೆಂದು ಕೂತಿದ್ದಳು.

ತೊಳೆದು ನೋಡಿದರೆ ಕುತ್ತಿಗೆ, ನೆತ್ತಿ ಕೆಂಪಗೆ ಸುಲಿದಿದ್ದವು. ಕೂದಲು ನಾರಿನ ಹಾಗೆ ಬಿರುಸಾಗಿತ್ತು. ಸೀರಣಿಗೆ ಆಡಿಸಿದೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಹೇನು ಕ್ಷಣಹೊತ್ತು ಸತ್ತಂತಿದ್ದು, ಎದ್ದು ಹರಿದಾಡಿತು. ಸೀರು ಒಂದೂ ಅಲುಗಿರಲಿಲ್ಲ.

ಮರುದಿನ ತಲೆನೋವೆಂದು ಅತ್ತೆಗೆ ಸುಳ್ಳು ಹೇಳಿ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಬಾಯಿ ಸೆರಗು ಸರಿಸಿ ನೋಡಿ, ಏನು ಹಚ್ಚಿದಿರಿ ಎಂದು ಕೇಳಿದರು. ನಾನು ಬ್ಲೀಚಿಂಗ್ ಪುಡಿ, ಈಜುಕೊಳದ ಮಾತು ಎಲ್ಲ ಹೇಳಿದೆ.

“ಕೊಳದ ನೀರಾಗ ಸೈತ ಅವು ಸಾಯೂದಿಲ್ರಿ. ಉಸಿರು ಹಿಡಕೊಂಡು ಕೂದಲಕ್ಕ ಗಟ್ಟ್ಯಾಗಿ ಅಂಟಿಕೊಂಡಿರ್ತಾವು. ಸೀರಿಗಂತೂ ಏನೂ ಆಗೂದಿಲ್ಲ. ನೀವು ಹಾಕಿದ್ದು ಕೊಳದ ನೀರೂ ಅಲ್ಲ, ಸುಡೋ ನೀರು,” ಅಂದರು. “ಕಣ್ಣಿಗೆ ಬಿದ್ದಿದ್ರ ಏನ ಮಾಡ್ತಿದ್ರಿ?”

ಕಣ್ಣಿಗೆ ಬೀಳಲಿಲ್ಲ. ದೇವರ ಆ ಉಪಕಾರವನ್ನು ದಿನಾ ನೆನೆಯುತ್ತೇನೆ. ಸುಟ್ಟದ್ದಕ್ಕೆ ಮುಲಾಮು ಕೊಟ್ಟರು. ಗಾಯ ಮಾಯುವ ತನಕ ಹೇನಿನ ಔಷಧಿ ಹಚ್ಚಬೇಡಿ, ತಲೆ ತೋಯಿಸಿ ನಿಧಾನ ಬಾಚಿ ತೆಗೆಯಿರಿ, ದಿನ ಬಿಟ್ಟು ದಿನ ಬಿಡದೆ ಮಾಡಿ ಎಂದರು. ಎರಡು ದಿನದಲ್ಲಿ ಮುಗಿಯದೆಂದು ನಾನು ದೂರ ಇಟ್ಟದ್ದು, ಮಗಳ ತಲೆಗೆ ಮಾಡಿದ್ದ ಆ ಬಾಚುವ ಕೆಲಸವನ್ನೇ.

ಬೆಳವಣಕಿಯವರು ಹೇಳಿದ ದಿನಕ್ಕೇ ಬಂದರು. ಉಡಿ ತುಂಬಿದರು. ಗಂಡಿನ ತಾಯಿ ಜಡೆಗೆ ಕೈಹಾಕಿದರು. ನಾದಿನಿ ಹಲ್ಲು ಕಚ್ಚಿದಳು. ಒಂದು ಎಳೆ ಬಿಚ್ಚಿದವರು ಅಲ್ಲೇ ನಿಂತರು. ನಾನು ಕುಂಕುಮದ ತಾಟು ಹಿಡಿದು ಪಕ್ಕದಲ್ಲೇ ಇದ್ದೆ.

“ಇದೇನವ್ವಾ, ಏನ ಹಚ್ಚೀದಿ?”

ಅತ್ತೆಯ ಮುಖ ಬಿಳುಪೇರಿತು. ಅವರಿಗೆ ಏನೂ ಗೊತ್ತಿರಲಿಲ್ಲ.

“ಹೇನ ಆಗಿದ್ವುರಿ ಅತ್ತಿ,” ಅಂದಳು ನಾದಿನಿ, ಗಂಡಿನ ತಾಯಿಗೆ. “ನಾನ ಟಾಕಿ ಪುಡಿ ಹಚ್ಚಿಕೊಂಡೆ. ವೈನಿ ಬ್ಯಾಡಂದ್ರು.”

ನಾನು ಬಾಯಿ ತೆರೆಯಬೇಕಿತ್ತು. ಕೂತಿದ್ದ ಅಷ್ಟೂ ಹೆಂಗಸರ ನಡುವೆ ನನ್ನ ನಾಲಿಗೆ ಏಳಲಿಲ್ಲ. ಸಂಬಂಧ ಮುರಿಯಿತು ಅಂತಲೇ ತಿಳಿದೆ.

ಆ ತಾಯಿ ಜಡೆಯನ್ನು ಮೆಲ್ಲಗೆ ಕೈಬಿಟ್ಟರು. ಹೂವಿನ ದಂಡೆಯನ್ನು ಹುಡುಗಿಯ ಎರಡೂ ಕೈಯೊಳಗೆ ಇಟ್ಟರು.

“ಹೂ ತಲಿಗೇ ಏರಬೇಕಂತ ಏನಿಲ್ಲ. ಕೈಯಾಗ ಕೊಟ್ರೂ ನಮ್ಮ ಹುಡುಗೀನ. ತಲಿ ಮಾಯಲಿ. ಹೇನ ಯಾರ ಮನ್ಯಾಗ ಇಲ್ಲ?”

ಹೆಂಗಸರು ಉಸಿರು ಬಿಟ್ಟರು. ಒಬ್ಬಾಕೆ ತನ್ನ ಮೊಮ್ಮಗಳ ಹೇನಿನ ಕಥೆ ಶುರುಮಾಡಿದಳು. ಆ ತಾಯಿ ಕುಂಕುಮದ ತಾಟಿಗಾಗಿ ನನ್ನ ಕಡೆ ತಿರುಗಿದರು. ತಾಟು ಇಸಿದುಕೊಳ್ಳುವಾಗ ಅವರ ಕಣ್ಣು ನನ್ನ ಬೆರಳಿಗೆ ಬಿತ್ತು. ಹತ್ತೂ ಬೆರಳಿನ ತುದಿ ಚರ್ಮ ಸುಲಿದಿತ್ತು.

“ನಿಮ್ಮ ಕೈಗೂ ಒಂದೀಟು ಮುಲಾಮು ಹಚ್ಚಿಕೊಳ್ರಿ,” ಅಂದರು. ನನಗಷ್ಟೇ ಕೇಳುವ ಹಾಗೆ.

ಬೈದಿದ್ದರೆ ಆ ಮಾತು ಇಷ್ಟು ದಿನ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಅವರು ಹೋದ ಮೇಲೆ ಅತ್ತೆ ಮಗಳನ್ನು ಬೈಯತೊಡಗಿದರು. ಆಗ ಹೇಳಿದೆ, ಹಚ್ಚಿದವಳು ನಾನೆಂದು. “ಅವ್ರ ಮುಂದ ಹೇಳೂದಿತ್ತು,” ಎಂದಷ್ಟೇ ಅಂದು ಅತ್ತೆ ಒಳಗೆ ಹೋದರು.

ನಾದಿನಿ ದಂಡೆಯನ್ನು ದೇವರಿಗೆ ಏರಿಸಿ ಬಂದು ಮೆಟ್ಟಿಲ ಮೇಲೆ ನನ್ನ ಕಡೆ ಬೆನ್ನು ಮಾಡಿ ಕೂತಳು. “ಬಿಸಲಿದ್ದಾಗನ ಬಾಚಿಬಿಡ್ರಿ ವೈನಿ. ಸಾವಕಾಶ,” ಅಂದಳು.

ಒಂದು ತಂಬಿಗೆ ನೀರು, ಬಿಳಿ ಬಟ್ಟೆ ತಂದಿಟ್ಟುಕೊಂಡೆ. ಅವಳ ಕೂದಲನ್ನು ತೋಯಿಸಿ, ಗಾಯ ಇಲ್ಲದ ಕಡೆಯಿಂದ ಒಂದೊಂದೇ ಎಳೆ ತೆಗೆದು ಬಾಚತೊಡಗಿದೆ.