ಬಿಗಿಯಣ್ಣನ ಗಂಟು

ಲಾರಿ ಸ್ಟ್ಯಾಂಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಬಿಗಿಯಣ್ಣ. ಲೋಡು ತುಂಬಿದ ಲಾರಿಗೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ದಾರಿಗೆ ಬಿಡುವುದು ಅವನ ಕಸುಬು. ಜಂಬ ಕೊಚ್ಚುವುದು ಉಪಕಸುಬು.

"ನಾನು ಕಟ್ಟಿದ ಲೋಡಿನಿಂದ ಒಂದು ಸಾಸಿವೆ ಕಾಳೂ ಉದುರಲ್ಲ. ಬಿಚ್ಚಬೇಕಾ? ಈ ತುದಿ ಹಿಡಿದು ಒಂದೇ ಎಳೆತ. ಮಗೂನೂ ಬಿಚ್ಚುತ್ತೆ!" ಎಂದು ಎಳೆದು ತೋರಿಸುತ್ತಿದ್ದ. ಗಂಟು ಹೇಳಿದ ಮಾತು ಕೇಳಿ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಮತ್ತೆ ಕಟ್ಟಿ, ಪ್ರತಿ ಗಂಟಿಗೂ ಚೊಂಬಿನಿಂದ ನೀರು ಹಾಕುತ್ತಿದ್ದ. ನಾರಿನ ಹಗ್ಗ ನೆನೆದರೆ ಬಿಗಿಯುತ್ತದೆಂದು ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ನೀರು ಕುಡಿದ ಆ ಗಂಟು ದಾರಿಯುದ್ದಕ್ಕೂ ಕುಲುಕಿ, ಬಿಸಿಲಿಗೆ ಒಣಗಿ ಏನಾಗುತ್ತದೆಂದು ಅವನು ಕಂಡಿರಲಿಲ್ಲ. ಕಾಣುವುದೆಲ್ಲಿ ಬಂತು? ಲಾರಿಗಳು ಹೋಗುತ್ತಿದ್ದವು, ಅವನು ಸ್ಟ್ಯಾಂಡಿನಲ್ಲೇ ಉಳಿಯುತ್ತಿದ್ದ.

ಅವನ ದೂರೆಲ್ಲ ಡ್ರೈವರುಗಳ ಮೇಲೆ. ಉದ್ದದ ಹಗ್ಗ ಕಳಿಸಿದರೆ ತುಂಡು ಹಗ್ಗ ತರುತ್ತಿದ್ದರು, ಮನೆಹಾಳರು! ಅದರಲ್ಲೂ ಒಬ್ಬನಿದ್ದ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೆಂಬಂತೆ ತುಟಿ ಮುಚ್ಚಿಕೊಂಡೇ ಇರುತ್ತಿದ್ದುದರಿಂದ ಸ್ಟ್ಯಾಂಡಿನವರು ಅವನಿಗೆ 'ವಾಚಾಳಿ' ಎಂದೇ ಹೆಸರಿಟ್ಟಿದ್ದರು.

"ಲೋ ವಾಚಾಳಿ, ಮತ್ತೆ ಹಗ್ಗ ಮಾರಿ ಕುಡಿದ್ಯಾ? ನಿನ್ನ ಹೊಟ್ಟೇಲಿ ಹುಡುಕಿದ್ರೆ ಬಾವಿ ಸೇದೋವಷ್ಟು ಹಗ್ಗ ಸಿಗುತ್ತೆ ಕಣೋ!"

ವಾಚಾಳಿ ಹಲ್ಲು ಕಿರಿದು ಹೊಸ ಹಗ್ಗ ತಂದುಕೊಡುತ್ತಿದ್ದ.

ಹೀಗಿರುವಾಗ ಬಿಗಿಯಣ್ಣನ ಮಗಳು, ಅಳಿಯ ಬೇರೆ ಊರಿಗೆ ಮನೆ ಬದಲಿಸಬೇಕಾಯಿತು. ಅಳಿಯ ಸಾಮಾನು ಸಾಗಿಸುವ ಕಂಪನಿಯವರನ್ನು ಕರೆಸುವವನಿದ್ದ. ಅವರ ಹತ್ತಿರ ಬೆಲ್ಟು, ಬಕಲು, ಟೋಪಿ ಎಲ್ಲ ಇತ್ತು.

"ಬೆಲ್ಟು ಪ್ಯಾಂಟಿಗೆ ಸರಿ, ಅಳಿಯಂದ್ರೇ," ಎಂದ ಬಿಗಿಯಣ್ಣ.

"ಹಾಗಲ್ಲ ಮಾವ, ಅವರಾದ್ರೆ ಅವರೇ ಕಟ್ಟಿ ಅವರೇ ಬಿಚ್ಚಿ ಕೊಡ್ತಾರೆ."

ಮಗಳು ನಡುವೆ ಬಂದಳು. "ಅಪ್ಪನೇ ಕಟ್ಟಲಿ ಬಿಡಿ. ಹೆಚ್ಚುಕಡಿಮೆ ಆದ್ರೆ ನನ್ನನ್ನ ಕೇಳಿ."

ಬಿಗಿಯಣ್ಣನ ಎದೆ ತುಂಬಿಬಂತು. ಗಂಡನ ಮುಂದೆ ಅವಳ ತಲೆ ತಗ್ಗುವಂತಾಗಬಾರದು. ಅದಕ್ಕೇ ಒಂದು ಗಂಟು ಹಾಕುವಲ್ಲಿ ಎರಡು ಹಾಕಿದ. ಚೊಂಬು ಬದಿಗಿಟ್ಟು ಕೊಡದಲ್ಲೇ ನೀರು ಸುರಿದ. ಲಾರಿ ವಾಚಾಳಿಯದು. ಜೊತೆಗೆ ತಾನೂ ಬರುತ್ತೇನೆಂದಾಗ, "ನೀನ್ಯಾಕಣ್ಣ? ಆರಾಮಾಗಿ ಮನೇಲಿರು," ಎಂದ ವಾಚಾಳಿ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡು ಬಿಗಿಯಣ್ಣ ಹತ್ತಿ ಕುಳಿತೇಬಿಟ್ಟ.

ಹೊಸ ಮನೆಯ ಮುಂದೆ ಹಮಾಲರು ಕಾದಿದ್ದರು. ಅವರಲ್ಲಿ ಹಿರಿಯ ಗಂಟು ಮುಟ್ಟಿ ನೋಡಿದ. "ಓಹೋ! ಇದು ಆ ಮಹಾನುಭಾವನ ಕೈ ಕಣ್ರೋ!"

ಬಿಗಿಯಣ್ಣ ಉಬ್ಬಿಹೋದ. ಅಳಿಯನಿಗೆ ಕೇಳಿಸಿತೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದ. ಪರಊರಿನಲ್ಲೂ ತನ್ನ ಕೈ ಗುರುತು ಹಿಡಿಯುತ್ತಾರೆ!

"ಕುಡುಗೋಲು ತಗೊಂಬಾ," ಎಂದ ಹಿರಿಯ. "ಈ ಪುಣ್ಯಾತ್ಮನ ಗಂಟನ್ನ ಬ್ರಹ್ಮ ಬಂದರೂ ಬಿಚ್ಚೋಕಾಗಲ್ಲ. ಆ ಸ್ಟ್ಯಾಂಡಿನ ಲೋಡು ಬಂದ್ರೆ ನಾವು ಯಾವಾಗಲೂ ಕೊಯ್ಯೋದೇ."

"ಕೈ ತೆಗೀರಯ್ಯಾ! ತುದಿ ಎಳೆಯೋಕೆ ಬರಲ್ಲ, ಕುಡುಗೋಲಂತೆ!" ಬಿಗಿಯಣ್ಣ ನುಗ್ಗಿ ತುದಿ ಹಿಡಿದು ಎಳೆದ. ಗಂಟು ಜಪ್ಪಯ್ಯ ಅನ್ನಲಿಲ್ಲ. ಚಕ್ರಕ್ಕೆ ಕಾಲು ಕೊಟ್ಟು ಎಳೆದ. ಉಗುರು ಹಾಕಿದ, ಉಗುರು ಮುರಿಯಿತು. ಹಲ್ಲು ಹಾಕಿದ, ಹಲ್ಲು ಅಲ್ಲಾಡಿತು. ಪಕ್ಕದ ಗಂಟಿಗೆ ಹೋದರೆ ಅದು ಇದರಪ್ಪ. ಹಮಾಲರು ಕಿಸಕ್ಕೆಂದರು. ಅಳಿಯ, ಪಾಪ, ಆಕಾಶ ನೋಡುತ್ತ ನಿಂತ.

"ಅಪ್ಪಾ, ಸಾಕು ಬಿಡಪ್ಪಾ, ಕೈಯಲ್ಲಿ ರಕ್ತ ಬರ್ತಿದೆ," ಎಂದಳು ಬಾಗಿಲಲ್ಲಿದ್ದ ಮಗಳು. ಅವಳ ಮುಖ ಕೆಂಪಾಗಿತ್ತು.

ಬಿಗಿಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲಾರಿಗೆ ಒರಗಿ ನಿಂತಿದ್ದ ವಾಚಾಳಿಯ ಹತ್ತಿರ ಹೋದ.

"ಹಾಗಾದ್ರೆ ನೀನು ಕುಡೀತಿರಲಿಲ್ಲ."

"ಕುಡೀತಿದ್ದೆ. ಹಗ್ಗ ಮಾರಿ ಅಲ್ಲ."

"ಇಷ್ಟು ವರ್ಷ ಬೈಸ್ಕೊಂಡು ಸುಮ್ನಿದ್ಯಲ್ಲೋ! ಒಂದು ಮಾತು ಹೇಳಬಾರದಿತ್ತಾ?"

ವಾಚಾಳಿ ಜನ್ಮದಲ್ಲಿ ಆಡದಷ್ಟು ಉದ್ದದ ಮಾತಾಡಿದ. "ಹೇಳಿದ್ರೆ ನೀನು ಸಡಿಲ ಕಟ್ತಿದ್ದೆ ಅಣ್ಣ. ಇಳಿಜಾರಿನಲ್ಲಿ ಬೆನ್ನ ಹಿಂದೆ ಲೋಡು ಜಾರಿದ್ರೆ ನನ್ನ ಕಥೆ ಏನು? ಹಗ್ಗ ಅಂಗಡೀಲಿ ಸಿಗುತ್ತೆ. ನನ್ನ ಹೆಂಡ್ತಿಗೆ ನಾನು ಎಲ್ಲಿ ಸಿಗ್ತೀನಿ?"

ಬಿಗಿಯಣ್ಣ ಹಿರಿಯನ ಕೈಯಿಂದ ಕುಡುಗೋಲು ಇಸಿದುಕೊಂಡು ಹಗ್ಗದ ಮುಂದೆ ನಿಂತ. ಕಣ್ಣು ಮಂಜಾಗಿತ್ತು, ಅಲಗು ಹಗ್ಗದ ಮೇಲೆ ಜಾರಿತು. ಅಳಿಯ ಪಕ್ಕಕ್ಕೆ ಬಂದು ಹಗ್ಗವನ್ನು ಎರಡೂ ಕೈಯಿಂದ ಎಳೆದು ಹಿಡಿದ.

"ಕೊಯ್ಯಿರಿ ಮಾವ," ಎಂದ. "ನಾನು ಹಿಡ್ಕೊಂಡಿದ್ದೀನಿ."